ಗೋಳಗುಮ್ಮಟ ನೋಡಿ ಹೋಗುವವರು ಹಳೆ ಪೇಟೆಗೆ ಯಾಕೆ ಬರುವುದಿಲ್ಲ? ವಿಜಯಪುರದ ಕೋಟೆಯೊಳಗಿನ ಊರಿನ ಬಗ್ಗೆ ಮಾತಾಡೋಣ

ಪಡಸಾಲೆ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ.

ರಜೆ ದಿನ ಗೋಳಗುಮ್ಮಟದ ಮುಂದೆ ಬಸ್ಸುಗಳು ಸಾಲಾಗಿ ನಿಂತಿರುತ್ತವೆ. ಜನ ಮೇಲೆ ಹತ್ತುತ್ತಾರೆ, ಪಿಸುಗುಟ್ಟಿ ನೋಡುತ್ತಾರೆ, ಕೂಗಿ ನೋಡುತ್ತಾರೆ, ಇಳಿಯುತ್ತಾರೆ. ಅಲ್ಲಿಂದ ಸೀದಾ ಇಬ್ರಾಹಿಂ ರೋಜಾ. ಒಂದು ಊರಿನ ಪೂರ್ವಕ್ಕಿದೆ, ಇನ್ನೊಂದು ಪಶ್ಚಿಮಕ್ಕೆ ಕೋಟೆಯ ಆಚೆ ಇದೆ. ನಡುವೆ ಇರುವ ಊರನ್ನು ಯಾರೂ ಇಳಿದು ನೋಡುವುದಿಲ್ಲ.

ಆ ನಡುವಿನ ಊರಿಗಾಗಿಯೇ ಈ ಚರ್ಚೆ. ಜುಮ್ಮಾ ಮಸೀದಿಯಿಂದ ಹೊರಟು ಅರಕಿಲ್ಲದ (ಊರ ನಡುವಿನ ಒಳಕೋಟೆ) ಕಡೆ ನಡೆದುಕೊಂಡು ಬನ್ನಿ. ಮಸೀದಿಯನ್ನು ಕಟ್ಟಲು ಶುರು ಮಾಡಿದವನು ಒಂದನೇ ಅಲಿ ಆದಿಲ್‌ಶಾಹ. 1565ರಲ್ಲಿ ವಿಜಯನಗರದ ವಿರುದ್ಧದ ತಾಳಿಕೋಟೆ ಯುದ್ಧ ಗೆದ್ದ ಮೇಲಿನ ಕಾಲ ಅದು. ಒಳಗಿನ ಕಮಾನುಗಳ ಸಾಲಿನಲ್ಲಿ ಅಲಂಕಾರ ಬಹಳ ಕಡಿಮೆ. ಅದಕ್ಕೇ ಅದರ ಅಂದ ಜಾಸ್ತಿ ಅನ್ನುವವನು ನಾನು. ಸ್ವಲ್ಪ ಮುಂದೆ ಬಂದರೆ ರಸ್ತೆಯ ಪಕ್ಕದಲ್ಲೇ ಮೆಹತರ್ ಮಹಲ್. ಹೆಸರಿಗೆ ಮಹಲ್, ನಿಜದಲ್ಲಿ ಅದು ಒಂದು ಮಸೀದಿಯ ಹೆಬ್ಬಾಗಿಲು. ಸುಮಾರು 1620ರ ಕೆಲಸ. ಮೇಲಿನ ಮೊಗಸಾಲೆಯನ್ನು ಹೊತ್ತ ಕಲ್ಲಿನ ಆಸರೆಗಳನ್ನು ನೋಡಿ. ಬಡಗಿ ಕಟ್ಟಿಗೆಯಲ್ಲಿ ಮಾಡಲೂ ಹೆದರುವ ಸೂಕ್ಷ್ಮ ಕೆಲಸವನ್ನು ಕಲ್ಲಿನಲ್ಲಿ ಮಾಡಿದ್ದಾರೆ. ಇಡೀ ವಿಜಯಪುರದಲ್ಲಿ ಕೈಕೆಲಸದ ಮಟ್ಟಿಗೆ ಇದಕ್ಕೆ ಸಮ ಇಬ್ರಾಹಿಂ ರೋಜಾ ಒಂದೇ. ಆದರೂ ಇದರ ಮುಂದೆ ನಿಂತು ತಲೆ ಎತ್ತುವವರು ಎಷ್ಟು ಜನ?

ಇನ್ನೂ ಮುಂದೆ ಆಸಾರ್ ಮಹಲ್. 1646ರಲ್ಲಿ ಮೊಹಮ್ಮದ್ ಆದಿಲ್‌ಶಾಹ ನ್ಯಾಯ ಹೇಳುವ ಜಾಗವಾಗಿ ಕಟ್ಟಿಸಿದ್ದು. ಆಮೇಲೆ ಅರಕಿಲ್ಲ, ಗಗನ ಮಹಲ್, ಬಾರಾ ಕಮಾನ್. ಇವುಗಳ ನಡುವೆ ಓಣಿಗಳು, ವಾಡೆಗಳು, ಕಟ್ಟಿಗೆ ಕಂಬದ ಪಡಸಾಲೆಗಳು, ಕಿರಾಣಿ ಅಂಗಡಿಗಳು, ಬಂಗಾರದ ಅಂಗಡಿಗಳು, ಗಾಂಧಿ ಚೌಕ, ಲಾಲ್ ಬಹದ್ದೂರ್ ಶಾಸ್ತ್ರಿ ಮಾರ್ಕೆಟ್.

ದೊಡ್ಡ ಸ್ಮಾರಕಗಳಿಗೆ ಬೇಲಿ ಇದೆ, ಕಾವಲು ಇದೆ, ಹುಲ್ಲುಹಾಸು ಇದೆ. ಅವುಗಳನ್ನು ಒಂದಕ್ಕೊಂದು ಜೋಡಿಸುವ ಹಳೆ ಪೇಟೆಗೆ ಏನೂ ಇಲ್ಲ. ಹಳೆ ಮನೆಗಳು ಒಂದೊಂದಾಗಿ ಬೀಳುತ್ತಿವೆ. ಬಿದ್ದ ಜಾಗದಲ್ಲಿ ಕಾಂಕ್ರೀಟಿನ ಡಬ್ಬಿ ಏಳುತ್ತದೆ, ಇಲ್ಲವೇ ಕಸ ಬೀಳುತ್ತದೆ. ಈ ಪೇಟೆ ಮತ್ತೆ ಚಿಗುರಬೇಕು. ಅದು ಬಣ್ಣ ಹಚ್ಚಿ, ದೀಪ ಹಾಕಿದರೆ ಆಗುವ ಕೆಲಸ ಅಲ್ಲ. ಅಲ್ಲಿ ವಾಸ ಮಾಡುವವರು, ವ್ಯಾಪಾರ ಮಾಡುವವರು ಅಲ್ಲೇ ಉಳಿಯುವಂತೆ ಆಗಬೇಕು. ಮನೆ ಇದ್ದವರು, ಅಂಗಡಿ ಇದ್ದವರು ಬರೆಯಿರಿ.

ಅಂಗಡಿ ಕಟ್ಟೆ

ತಮ್ಮಾ, ಒಳ್ಳೆಯ ವಿಷಯ ಎತ್ತಿದ್ದೀಯ. ನಮ್ಮ ಅಂಗಡಿ ನಮ್ಮ ಅಜ್ಜನ ಕಾಲದ್ದು. ನನ್ನ ಕಷ್ಟ ಸೀದಾ ಹೇಳುತ್ತೇನೆ.

ಗಿರಾಕಿ ಗಾಡಿ ತರುತ್ತಾನೆ, ನಿಲ್ಲಿಸಲು ಜಾಗ ಇಲ್ಲ. ಎರಡು ಸಲ ಸುತ್ತು ಹೊಡೆದು ಮೂರನೇ ಸಲ ಹೊರಗಿನ ದೊಡ್ಡ ಅಂಗಡಿಗೆ ಹೋಗುತ್ತಾನೆ. ಮಳೆ ಬಂದರೆ ಗಟಾರು ತುಂಬಿ ನೀರು ಮೆಟ್ಟಿಲಿಗೆ ಬರುತ್ತದೆ. ತಲೆಯ ಮೇಲೆ ತಂತಿಗಳ ಗೋಜಲು. ಮೇಲೊಂದು ಮಹಡಿ ಕಟ್ಟೋಣ ಅಂದರೆ ಸ್ಮಾರಕದ ಹತ್ತಿರ ಅಂತ ಬೇಡ ಅನ್ನುತ್ತಾರೆ. ಸೋರುವ ಛಾವಣಿ ಸರಿ ಮಾಡಲು ಹೋದೆ, ಅದಕ್ಕೂ ಒಂದು ಕಚೇರಿಯಲ್ಲಿ ಆಗಲ್ಲ ಅಂದು ಕಳಿಸಿದರು. ಬರವಣಿಗೆಯಲ್ಲಿ ಏನೂ ಕೊಡಲಿಲ್ಲ.

ಹಳೆಯದನ್ನು ಉಳಿಸಿ ಅನ್ನುವುದು ಸುಲಭ. ಉಳಿಸುವವನ ಕೈ ಕಟ್ಟಿಹಾಕಿದರೆ ಅವನು ಏನು ಮಾಡಬೇಕು? ನನ್ನ ಮಗ ಈ ಅಂಗಡಿಯಲ್ಲಿ ಕೂರಬೇಕು ಅಂತ ನನಗೆ ಆಸೆ ಇದೆ. ಅವನಿಗೆ ಇಲ್ಲ.

ಕಡತ

ಕಾಕಾ, ನಿಮಗೆ ಆಗಲ್ಲ ಅಂದಿದ್ದು ಕಾನೂನಿನ ಪ್ರಕಾರ ಸರಿಯಲ್ಲ. ನಾನು ವಕೀಲಿಕೆ ಮಾಡುತ್ತೇನೆ. ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಏಕೆಂದರೆ ಹಳೆ ಪೇಟೆಯಲ್ಲಿ ಅರ್ಧ ಹಾನಿ ಈ ತಪ್ಪು ತಿಳುವಳಿಕೆಯಿಂದಲೇ ಆಗುತ್ತಿದೆ.

ಕೇಂದ್ರದ ಪ್ರಾಚೀನ ಸ್ಮಾರಕಗಳ ಕಾಯ್ದೆ 1958ರದ್ದು. 1992ರ ಜೂನ್ 16ರ ಅಧಿಸೂಚನೆಯಲ್ಲಿ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಅಂತ ಮಾಡಿದರು. 2010ರ ತಿದ್ದುಪಡಿ ಅದನ್ನು ಕಾಯ್ದೆಯೊಳಗೇ ಸೇರಿಸಿತು, ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರ ಹುಟ್ಟಿತು. ಅಳತೆ ಶುರುವಾಗುವುದು ಗುಮ್ಮಟದ ಗೋಡೆಯಿಂದ ಅಲ್ಲ, ಸಂರಕ್ಷಿತ ಜಾಗದ ಗಡಿಯಿಂದ. ನಮ್ಮ ಊರಿನಲ್ಲಿ ಸ್ಮಾರಕಗಳು ಎಷ್ಟು ಒತ್ತೊತ್ತಾಗಿವೆ ಅಂದರೆ, ಒಂದರ ವರ್ತುಲ ಮುಗಿಯುವ ಮುಂಚೆ ಇನ್ನೊಂದರದ್ದು ಶುರುವಾಗುತ್ತದೆ.

100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ. ಇದು ಎಲ್ಲರಿಗೂ ಗೊತ್ತು. ಆದರೆ ಅದೇ ಕಾಯ್ದೆಯಲ್ಲಿ ಇನ್ನೊಂದು ಮಾತಿದೆ. 1992ರ ಜೂನ್ 16ಕ್ಕಿಂತ ಮುಂಚೆ ಇದ್ದ ಕಟ್ಟಡಕ್ಕೆ ರಿಪೇರಿ, ನವೀಕರಣ ಮಾಡಲು ಅರ್ಜಿ ಹಾಕಬಹುದು. ಅರ್ಜಿ ಬಂದ 15 ದಿನದಲ್ಲಿ ಸಕ್ಷಮ ಅಧಿಕಾರಿ ಅದನ್ನು ಪ್ರಾಧಿಕಾರಕ್ಕೆ ಕಳಿಸಬೇಕು. ಪ್ರಾಧಿಕಾರ 2 ತಿಂಗಳಲ್ಲಿ ಅಭಿಪ್ರಾಯ ಹೇಳಬೇಕು. ಅದು ಬಂದ ಮೇಲೆ 1 ತಿಂಗಳಲ್ಲಿ ಅನುಮತಿ ಕೊಡಬೇಕು, ಇಲ್ಲವೇ ನಿರಾಕರಿಸಬೇಕು. ಗಟಾರು, ಸಾರ್ವಜನಿಕ ಶೌಚಾಲಯ, ಕುಡಿಯುವ ನೀರು, ವಿದ್ಯುತ್ ಪೂರೈಕೆ ಇವುಗಳ ಕೆಲಸವನ್ನು ಕಾಯ್ದೆ ನಿರ್ಮಾಣ ಅಂತ ಎಣಿಸುವುದೇ ಇಲ್ಲ. ಹಾಗಾಗಿ ಸ್ಮಾರಕ ಹತ್ತಿರ ಇದೆ, ಗಟಾರು ಸರಿ ಮಾಡಲು ಬರುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಈಗ ಮುಖ್ಯ ವಿಷಯ. ರಿಪೇರಿ ಬೇರೆ, ಮರುನಿರ್ಮಾಣ ಬೇರೆ. ನಿಂತಿರುವ ಮನೆಯನ್ನು 100 ಮೀಟರ್ ಒಳಗೂ ರಿಪೇರಿ ಮಾಡಲು ದಾರಿ ಇದೆ. ಅದೇ ಮನೆ ಬಿದ್ದುಹೋದರೆ, ಮೊದಲಿದ್ದ ಅಳತೆಯಲ್ಲೇ ಮತ್ತೆ ಎಬ್ಬಿಸುತ್ತೇನೆ ಅಂದರೂ ಆ 100 ಮೀಟರಿನೊಳಗೆ ಅವಕಾಶ ಇಲ್ಲ. ಜನ ಏನು ಮಾಡುತ್ತಿದ್ದಾರೆ? ರಿಪೇರಿಗೆ ಅನುಮತಿ ಸಿಗಲ್ಲ ಅಂದುಕೊಂಡು ಸುಮ್ನೆ ಕೂರುತ್ತಾರೆ. ನಾಲ್ಕು ಮಳೆಗಾಲ ಕಳೆದು ಗೋಡೆ ಕೂರುತ್ತದೆ. ಆಗ ನಿಜವಾಗಿಯೂ ಎಲ್ಲ ಬಾಗಿಲು ಮುಚ್ಚುತ್ತವೆ.

ಅನುಮತಿ ಇಲ್ಲದೆ ರಾತ್ರೋರಾತ್ರಿ ಕಟ್ಟುವವರಿಗೂ ಒಂದು ಮಾತು. 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಅಂಗಡಿ ಕಟ್ಟೆ

ಇದನ್ನು ಇಷ್ಟು ವರ್ಷ ಯಾರೂ ಹೇಳಲಿಲ್ಲವಲ್ಲ ವಕೀಲ್ರೇ. ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಕೊಡಿ. ಉರ್ದುವಿನಲ್ಲೂ ಒಂದು ಮಾಡಿಸೋಣ. ನಮ್ಮ ಸಾಲಿನ ಎಲ್ಲ ಅಂಗಡಿಗೂ ನಾನೇ ಹಂಚುತ್ತೇನೆ.

ಗೌಂಡಿ ಮನೆಯವನು

ನಮ್ಮದು ಗೌಂಡಿ ಕೆಲಸದ ಮನೆತನ. ರಿಪೇರಿ ಅಂದ ಕೂಡಲೇ ಎಲ್ಲರೂ ಸಿಮೆಂಟ್ ತರುತ್ತಾರೆ. ಅಲ್ಲೇ ಹಳೆ ಮನೆ ಕೆಡುವುದು.

ನಮ್ಮ ಊರಿನ ಹಳೆ ಗೋಡೆಗಳು ಎರಡು ಥರ. ದೊಡ್ಡ ಕಟ್ಟಡಗಳಲ್ಲಿ ಕರಿಕಲ್ಲು ಮತ್ತು ಗಚ್ಚು, ಅಂದರೆ ಸುಣ್ಣದ ಗಾರೆ. ಸಾಮಾನ್ಯ ಮನೆಗಳಲ್ಲಿ ಕಲ್ಲು ಮತ್ತು ಮಣ್ಣು, ಮೇಲೆ ಸುಣ್ಣದ ಗಿಲಾವು. ಎರಡೂ ಥರದ ಗೋಡೆ ನೆಲದಿಂದ ತೇವ ಎಳೆಯುತ್ತದೆ, ಬಿಸಿಲಿಗೆ ಅದನ್ನು ಹೊರಗೆ ಬಿಡುತ್ತದೆ. ಸಿಮೆಂಟ್ ಮೆತ್ತಿದರೆ ತೇವ ಹೊರಗೆ ಬರಲು ದಾರಿ ಸಿಗುವುದಿಲ್ಲ. ನಮ್ಮ ನೆಲದಲ್ಲಿ ಉಪ್ಪಿನ ಅಂಶ ಬೇರೆ ಇದೆ. ಆ ಉಪ್ಪು ಒಳಗೇ ಗಟ್ಟಿಯಾಗಿ ಕಲ್ಲಿನ ಮೈಯನ್ನು ಪದರ ಪದರವಾಗಿ ಉದುರಿಸುತ್ತದೆ. ಹೊರಗಿಂದ ಗೋಡೆ ಹೊಸದಾಗಿ ಕಾಣುತ್ತದೆ. ಒಳಗೆ ಮಣ್ಣು ಹಿಟ್ಟಾಗಿರುತ್ತದೆ.

ಗಚ್ಚು ಮಾಡುವುದು ತಾಳ್ಮೆಯ ಕೆಲಸ. ಸುಣ್ಣದ ಕಲ್ಲನ್ನು ಸುಟ್ಟು, ನೀರಿನಲ್ಲಿ ಅರಳಿಸಿ, ಕೊಳೆಯಲು ಬಿಡಬೇಕು. ಎಷ್ಟು ದಿನ ಬಿಟ್ಟರೆ ಅಷ್ಟು ಒಳ್ಳೆಯದು. ಆಮೇಲೆ ಉಸುಕು, ಇಟ್ಟಿಗೆ ಪುಡಿ ಸೇರಿಸಿ ಗಾಣದಲ್ಲಿ ಅರೆಯಬೇಕು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕುವ ರೂಢಿ ಇದೆ. ಇದು ಬೇಗ ಬಿಗಿಯುವುದಿಲ್ಲ. ಆದರೆ ಕಟ್ಟಡ ಸ್ವಲ್ಪ ಅಲುಗಿದರೆ ಜೊತೆಗೆ ತಾನೂ ಅಲುಗುತ್ತದೆ, ಸಣ್ಣ ಬಿರುಕನ್ನು ತಾನೇ ತುಂಬಿಕೊಳ್ಳುತ್ತದೆ. ಗೋಳಗುಮ್ಮಟದ ಮೇಲಿನ ಗುಮ್ಮಟ ಇಟ್ಟಿಗೆ ಮತ್ತು ಗಚ್ಚಿನದ್ದು. ದಪ್ಪ ಸುಮಾರು 3 ಮೀಟರ್, ಹೊರಗಿನ ಅಡ್ಡಳತೆ ಸುಮಾರು 44 ಮೀಟರ್. ನಡುವೆ ಒಂದೂ ಕಂಬ ಇಲ್ಲ. ಒಂದನ್ನೊಂದು ಹಾಯುವ ಕಮಾನುಗಳು ಭಾರವನ್ನು ಗೋಡೆಗೆ ಇಳಿಸುತ್ತವೆ. 1656ರಿಂದ ನಿಂತಿದೆ. ಕಬ್ಬಿಣದ ಸರಳಿನ ಯಾವ ಛಾವಣಿ ಅಷ್ಟು ವರ್ಷ ನಿಲ್ಲುತ್ತದೆ ಹೇಳಿ?

ಕಷ್ಟ ಏನೆಂದರೆ ಕೆಲಸ ಗೊತ್ತಿದ್ದವರು ವಯಸ್ಸಾದವರು. ಹುಡುಗರು ಟೈಲ್ಸ್ ಹಾಕಲು ಹೋಗುತ್ತಾರೆ, ಅಲ್ಲಿ ಕೂಲಿ ಜಾಸ್ತಿ ಮತ್ತು ದಿನವೂ ಕೆಲಸ ಇದೆ. ಹಳೆ ಪೇಟೆಯಲ್ಲಿ ವರ್ಷವಿಡೀ ಹತ್ತು ಮನೆ ರಿಪೇರಿ ನಡೆದರೆ ನಮ್ಮ ಓಣಿಯ ಹುಡುಗರು ಇದನ್ನು ಕಲಿಯುತ್ತಾರೆ. ಕೆಲಸ ಇಲ್ಲದ ಕಸುಬನ್ನು ತರಬೇತಿ ಶಿಬಿರ ಮಾಡಿ ಉಳಿಸಲು ಆಗುವುದಿಲ್ಲ.

ಓಣಿ ಮಗಳು

ನಾನು ಅರಕಿಲ್ಲದ ಹತ್ತಿರದ ಓಣಿಯಲ್ಲಿ ಹುಟ್ಟಿದವಳು. ಈಗಲೂ ಅದೇ ಮನೆಯಲ್ಲಿದ್ದೇನೆ. ಗಂಡಸರು ಕಮಾನು, ಗಚ್ಚು, ಕಾಯ್ದೆ ಎಲ್ಲ ಹೇಳಿದಿರಿ. ಜನ ಓಣಿ ಬಿಟ್ಟು ಹೋಗಿದ್ದು ಯಾಕೆ ಅನ್ನುವುದನ್ನು ನಾನು ಹೇಳುತ್ತೇನೆ.

ಮೊದಲನೆಯದು ನೀರು ಮತ್ತು ಶೌಚಾಲಯ. ಹಳೆ ಮನೆಯಲ್ಲಿ ಬಚ್ಚಲು ಹಿತ್ತಲಲ್ಲಿ. ವಯಸ್ಸಾದ ಅತ್ತೆಗೆ ರಾತ್ರಿ ಅಲ್ಲಿಗೆ ನಡೆಯಲು ಆಗುವುದಿಲ್ಲ. ಸೊಸೆಯಾಗಿ ಬರುವ ಹುಡುಗಿ ಮನೆಯ ಕಂಬದ ಕೆತ್ತನೆ ನೋಡಿ ಒಪ್ಪುವುದಿಲ್ಲ, ಬಚ್ಚಲು ಎಲ್ಲಿದೆ ಅಂತ ಕೇಳುತ್ತಾಳೆ. ಕೇಳಲೇಬೇಕು. ಎರಡನೆಯದು ಆಸ್ತಿ. ಒಂದು ವಾಡೆಗೆ ಹನ್ನೆರಡು ಹಕ್ಕುದಾರರು. ಒಬ್ಬರು ಪುಣೆಯಲ್ಲಿ, ಒಬ್ಬರು ಹುಬ್ಬಳ್ಳಿಯಲ್ಲಿ. ಛಾವಣಿ ಸೋರಿದರೆ ದುಡ್ಡು ಯಾರು ಹಾಕಬೇಕು? ಯಾರೂ ಹಾಕುವುದಿಲ್ಲ. ಮನೆಗೆ ಬೀಗ ಬೀಳುತ್ತದೆ. ಬೀಗ ಬಿದ್ದ ಮನೆ ಮೊದಲು ಸಾಯುತ್ತದೆ, ಏಕೆಂದರೆ ಮಾಳಿಗೆಯ ಮೇಲೆ ಹುಲ್ಲು ಬೆಳೆದರೆ ಕೀಳುವವರು ಇರುವುದಿಲ್ಲ.

ಆದರೂ ನಾನು ಈ ಮನೆ ಬಿಡುವುದಿಲ್ಲ. ಏಪ್ರಿಲ್, ಮೇನಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ ನಮ್ಮ ಪಡಸಾಲೆಯಲ್ಲಿ ಫ್ಯಾನ್ ಸಾಕು. ಗೋಡೆ ಅಷ್ಟು ದಪ್ಪ, ಮೇಲೆ ಮಣ್ಣಿನ ಮಾಳಿಗೆ. ಹೊಸ ಬಡಾವಣೆಯ ನನ್ನ ತಂಗಿ ಎಸಿ ಹಾಕಿಸಿದ್ದಾಳೆ, ಮಧ್ಯಾಹ್ನ ಇಲ್ಲಿಗೇ ಬಂದು ಮಲಗುತ್ತಾಳೆ. ನಡೆದರೆ ಸಂತೆ, ನಡೆದರೆ ದವಾಖಾನೆ, ನಡೆದರೆ ಸಿದ್ಧೇಶ್ವರ ಗುಡಿ. ಸಂಕ್ರಾಂತಿ ಜಾತ್ರೆಯಲ್ಲಿ ನೆಂಟರೆಲ್ಲ ಬಂದು ತುಂಬುವುದು ನಮ್ಮ ಹಳೆ ಮನೆಯನ್ನೇ.

ಮನೆಯ ಮುಂಭಾಗ ಹಾಗೇ ಉಳಿಸಿ ಒಳಗೆ ಒಂದು ಒಳ್ಳೆಯ ಬಚ್ಚಲು ಕಟ್ಟಲು ಅನುಮತಿ, ಸಾಲ, ಗೊತ್ತಿರುವ ಗೌಂಡಿ ಇವಿಷ್ಟು ಸಿಕ್ಕರೆ ನಮ್ಮ ಓಣಿಯ ಅರ್ಧ ಮನೆಗಳು ಉಳಿಯುತ್ತವೆ.

ಪಡಸಾಲೆ

ಅಕ್ಕ, ಬಚ್ಚಲಿನ ಮಾತು ಇಡೀ ಚರ್ಚೆಯ ತಿರುಳು. ಪಾರಂಪರಿಕ ಊರು ಅಂತ ಯೋಜನೆ ಮಾಡುವವರು ಮೊದಲು ಕಲ್ಲಿನ ಬೆಂಚು, ಅಲಂಕಾರದ ಕಂಬ ತರುತ್ತಾರೆ. ಓಣಿಯೊಳಗಿನ ಒಳಚರಂಡಿ ಕೊನೆಗೆ ಬರುತ್ತದೆ, ಅಥವಾ ಬರುವುದೇ ಇಲ್ಲ. ಅದು ತಲೆಕೆಳಗಾಗಬೇಕು.

ಬಾವಡಿ ಹುಡುಕುವವ

ನೀರಿನ ವಿಷಯ ಬಂತಲ್ಲ, ನನಗೆ ಇದರ ಹುಚ್ಚು. ಸ್ವಲ್ಪ ಉದ್ದ ಬರೆಯುತ್ತೇನೆ.

ಈ ಊರಿಗೆ ಹತ್ತಿರ ಯಾವ ನದಿಯೂ ಇಲ್ಲ. ಮಳೆ ಕಡಿಮೆ. ಹಾಗಿದ್ದೂ ಆದಿಲ್‌ಶಾಹಿಗಳು ಇಲ್ಲಿ ಅಷ್ಟು ದೊಡ್ಡ ರಾಜಧಾನಿ ನಡೆಸಿದರು. ಸುಮಾರು 10 ಕಿಲೋಮೀಟರ್ ಸುತ್ತಳತೆಯ ಕೋಟೆಗೋಡೆ, ಅದರೊಳಗೆ ತುಂಬಿದ ಊರು. ಹೇಗೆ ಸಾಧ್ಯವಾಯಿತು? ಪಶ್ಚಿಮದ ತೊರವಿಯಲ್ಲಿ ನೆಲದಡಿಯ ಸುರಂಗ ತೋಡಿ, ಅಲ್ಲಲ್ಲಿ ಬಾವಿಯಂಥ ಕಂಡಿ ಬಿಟ್ಟು, ಇಳಿಜಾರಿನಲ್ಲಿ ನೀರು ತಾನಾಗಿ ಹರಿದು ಬರುವಂತೆ ಮಾಡಿದರು. ದಕ್ಷಿಣದಲ್ಲಿ ಮೊಹಮ್ಮದ್ ಆದಿಲ್‌ಶಾಹ 1651ರಲ್ಲಿ ಬೇಗಂ ತಾಲಾಬ್ ಕಟ್ಟಿಸಿದ. ಅಲ್ಲಿಂದ ಸುಟ್ಟ ಮಣ್ಣಿನ ಕೊಳವೆಗಳು, ಅವುಗಳ ಸುತ್ತ ಗಚ್ಚಿನ ಹೊದಿಕೆ, ನೆಲದ ಆಳದಲ್ಲಿ ಊರೊಳಗೆ ಬಂದವು.

ನೀವು ಪೇಟೆಯಲ್ಲಿ ನಡೆಯುವಾಗ ಅಂಗಡಿಗಳ ನಡುವೆ, ಮನೆಯ ಹಿಂದೆ ಸುಮ್ನೆ ನಿಂತ ಚೌಕದ ಕಲ್ಲಿನ ಗೋಪುರ ನೋಡಿರುತ್ತೀರಿ. ಕಾವಲು ಗೋಪುರ ಅಂದುಕೊಳ್ಳುವವರೇ ಜಾಸ್ತಿ. ಅದು ಗಂಜ್, ನೀರಿನ ಗೋಪುರ. ಕೊಳವೆಯ ನೀರು ಇದರೊಳಗೆ ಮೇಲೇರಿ ನಿಲ್ಲುತ್ತಿತ್ತು. ಒತ್ತಡ ಇಲ್ಲಿ ತಗ್ಗುತ್ತಿತ್ತು, ಇಲ್ಲದಿದ್ದರೆ ಮಣ್ಣಿನ ಕೊಳವೆ ಒಡೆದುಹೋಗುತ್ತಿತ್ತು. ಹೂಳೂ ಇಲ್ಲೇ ಕೆಳಗೆ ಕೂರುತ್ತಿತ್ತು. ಇಲ್ಲಿಂದ ನೀರು ಕವಲೊಡೆದು ಅರಮನೆಗೆ, ಹೌದಿಗೆ, ಓಣಿಗೆ ಹೋಗುತ್ತಿತ್ತು. ಆಸಾರ್ ಮಹಲಿನ ಮುಂದಿನ ಹೊಂಡಕ್ಕೂ ಬೇಗಂ ತಾಲಾಬಿನ ನೀರೇ. ಇವತ್ತು ಆ ಗೋಪುರಗಳ ಮೇಲೆ ಜಾಹೀರಾತು ಅಂಟಿಸುತ್ತೇವೆ, ಬುಡದಲ್ಲಿ ಕಸ ಸುರಿಯುತ್ತೇವೆ.

ಇನ್ನು ಬಾವಡಿಗಳು. ತಾಜ್ ಬಾವಡಿ 1620ರದ್ದು, ಎರಡನೇ ಇಬ್ರಾಹಿಂ ಆದಿಲ್‌ಶಾಹನ ಪತ್ನಿ ತಾಜ್ ಸುಲ್ತಾನಾ ಹೆಸರಿನಲ್ಲಿ ಮಲಿಕ್ ಸಂದಲ್ ಕಟ್ಟಿಸಿದ್ದು. ಆ ದೊಡ್ಡ ಕಮಾನು, ಎರಡೂ ಬದಿಯ ಎಂಟು ಮೂಲೆಯ ಗೋಪುರಗಳು, ಪ್ರಯಾಣಿಕರು ತಂಗುತ್ತಿದ್ದ ಸಾಲುಕೋಣೆಗಳು. ಬಾವಿಗೆ ಇಷ್ಟು ಗೌರವದ ಬಾಗಿಲು ಕಟ್ಟಿದ ಊರು ಬೇರೆ ಎಲ್ಲಿದೆ? ಕೆಲವು ವರ್ಷಗಳ ಹಿಂದೆ ಇದರ ಹೂಳು ತೆಗೆದರು, ಇನ್ನೂ ಹಲವು ಹಳೆ ಬಾವಿಗಳನ್ನು ಸ್ವಚ್ಛ ಮಾಡಿದರು. ಒಳ್ಳೆಯ ಕೆಲಸ, ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಸ್ವಚ್ಛ ಮಾಡಿದ ಬಾವಿಯ ನೀರು ಬಳಕೆಯಲ್ಲಿ ಇಲ್ಲದಿದ್ದರೆ ಮತ್ತೆ ಕಸದ ಗುಂಡಿ ಆಗುತ್ತದೆ. ಕುಡಿಯುವುದು ಬೇಡ, ಕುಡಿಯಲು ಕೃಷ್ಣೆಯ ನೀರು ಬರುತ್ತದೆ. ಬಟ್ಟೆ, ಗಿಡ, ಕಟ್ಟಡ ಕೆಲಸ, ಬೆಂಕಿ ಆರಿಸುವ ಗಾಡಿ ಇವಕ್ಕೆ ಬಳಸಿ. ದಿನವೂ ನೀರು ಎತ್ತುತ್ತಿದ್ದರೆ ಓಣಿಯವರೇ ಅದನ್ನು ಕಾಯುತ್ತಾರೆ.

ನನ್ನ ಬೇಡಿಕೆ ಒಂದೇ. ಹಳೆ ಪೇಟೆಯ ಎಲ್ಲ ಗಂಜ್‌ಗಳನ್ನೂ ಬಾವಡಿಗಳನ್ನೂ ಒಂದು ನಕ್ಷೆಯಲ್ಲಿ ಗುರುತಿಸಬೇಕು. ರಸ್ತೆ ಅಗೆಯುವ ಮುಂಚೆ ಆ ನಕ್ಷೆ ನೋಡಬೇಕು. ಈಗ ಕೇಬಲ್ ಹಾಕುವ ಯಂತ್ರ ಹಳೆ ಕೊಳವೆಯನ್ನು ಒಡೆದರೂ ಯಾರಿಗೂ ಗೊತ್ತಾಗುವುದಿಲ್ಲ.

ಹಳೆ ನಕ್ಷೆ

ಈ ಪೇಟೆ ಹಿಂದೆಯೂ ಒಮ್ಮೆ ಸತ್ತು ಬದುಕಿದೆ. 1686ರಲ್ಲಿ ಔರಂಗಜೇಬ ಊರು ಹಿಡಿದ ಮೇಲೆ ಇನ್ನೂರು ವರ್ಷ ಇಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಅರಮನೆಗಳು ಬಿದ್ದವು, ಮುಳ್ಳುಕಂಟಿ ಬೆಳೆಯಿತು. 1884ರ ಸುಮಾರಿಗೆ ರೈಲು ಬಂತು. 1885ರಲ್ಲಿ ಜಿಲ್ಲೆಯ ಮುಖ್ಯ ಕಚೇರಿ ಕಲಾದಗಿಯಿಂದ ಇಲ್ಲಿಗೆ ಬಂತು. ಬ್ರಿಟಿಷರು ಹೊಸ ಕಟ್ಟಡ ಕಟ್ಟುವ ಬದಲು ಪಾಳು ಬಿದ್ದವನ್ನೇ ಸರಿ ಮಾಡಿಸಿ ಕಚೇರಿ, ಬಂಗಲೆ ಮಾಡಿಕೊಂಡರು. ಚೀನಿ ಮಹಲ್ ಕಚೇರಿಯಾಯಿತು, ಬುಖಾರಿ ಮಸೀದಿ ಅಂಚೆ ಕಚೇರಿಯಾಯಿತು. ಗೋಳಗುಮ್ಮಟದ ಮುಂದಿನ ನಗಾರಖಾನೆ ವಸ್ತುಸಂಗ್ರಹಾಲಯವಾಯಿತು, ಈಗಲೂ ಹಾಗೇ ಇದೆ. ಕಚೇರಿ ಬಂದಾಗ ಜನ ಬಂದರು, ಜನ ಬಂದಾಗ ಪೇಟೆ ಎದ್ದಿತು.

ಹಾಗಾಗಿ ನನ್ನ ಅಭಿಪ್ರಾಯ: ಖಾಲಿ ಬಿದ್ದ ವಾಡೆಗಳಿಗೆ ಬಳಕೆ ಹುಡುಕಿ. ಗ್ರಂಥಾಲಯ, ಅಂಗನವಾಡಿ, ಪ್ರವಾಸಿಗರ ವಸತಿ, ಊಟದ ಖಾನಾವಳಿ.

ಪಡಸಾಲೆ

ಒಪ್ಪುತ್ತೇನೆ, ಒಂದು ಎಚ್ಚರಿಕೆಯೊಂದಿಗೆ. ಆ ಕಾಲದಲ್ಲಿ ಕಮಾನು ಮುಚ್ಚಿ ಗೋಡೆ ಕಟ್ಟಿದರು, ಪೂಜೆಯ ಜಾಗವನ್ನು ಕಚೇರಿ ಮಾಡಿದರು. ಇವತ್ತು ಹಾಗೆ ಮಾಡಬಾರದು. ಯಾವ ಕಟ್ಟಡಕ್ಕೆ ಯಾವ ಬಳಕೆ ಹೊಂದುತ್ತದೆ ಅಂತ ಓಣಿಯವರನ್ನು ಕೇಳಿಯೇ ತೀರ್ಮಾನಿಸಬೇಕು. ವಾಡೆಗಳ ಮಟ್ಟಿಗೆ ಖಾನಾವಳಿ ತುಂಬ ಸೂಕ್ತ. ಕಟಕ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಪಂಕ್ತಿ ಹಾಕಲು ಪಡಸಾಲೆ ಇದ್ದೇ ಇದೆ, ದಿನವೂ ಒಲೆ ಹೊತ್ತಿದರೆ ಮನೆ ಖಾಲಿ ಬೀಳುವುದಿಲ್ಲ.

ಮುಳುಗಡೆ ಊರಿನವ

ನಾನು ಬಾಗಲಕೋಟೆಯವನು. ನಿಮ್ಮ ಚರ್ಚೆ ಓದಿ ಹೊಟ್ಟೆಕಿಚ್ಚಾಯಿತು ಅಂದರೆ ತಪ್ಪು ತಿಳಿಯಬೇಡಿ.

ಆಲಮಟ್ಟಿಯ ನೀರು 519.6 ಮೀಟರ್‌ಗೆ ನಿಂತಾಗ ನಮ್ಮ ಹಳೆ ಊರಿನ ದೊಡ್ಡ ಭಾಗ ಹೋಯಿತು. ನವನಗರ ಬಂತು, ಅಗಲ ರಸ್ತೆ ಬಂತು, ಸೆಕ್ಟರ್ ಬಂತು. ಕಚೇರಿಗಳು ಅಲ್ಲಿಗೆ ಹೋದವು. ಉಳಿದ ಹಳೆ ಪೇಟೆ ಈಗಲೂ ವ್ಯಾಪಾರ ಮಾಡುತ್ತದೆ, ಹೋಳಿಯಲ್ಲಿ ಹಲಗೆ ಸದ್ದು ಈಗಲೂ ಅಲ್ಲೇ ಜೋರು. ಆದರೆ ಮಟ್ಟ 524.256 ಮೀಟರ್‌ಗೆ ಏರುವ ಮಾತು ಇರುವುದರಿಂದ ತಗ್ಗಿನ ಓಣಿಯವನು ತನ್ನ ಮನೆಗೆ ಸುಣ್ಣ ಹಚ್ಚಲೂ ಯೋಚಿಸುತ್ತಾನೆ. ಮುಂದೆ ಇರುತ್ತೋ ಇಲ್ಲವೋ ಅನ್ನುವ ಜಾಗಕ್ಕೆ ಯಾರು ದುಡ್ಡು ಹಾಕುತ್ತಾರೆ?

ನಿಮ್ಮ ಪೇಟೆಗೆ ನೀರು ಬರುವುದಿಲ್ಲ. ನಿಮಗೆ ಬೇಕಾಗಿರುವುದು ನಂಬಿಕೆ ಮಾತ್ರ, ಈ ಓಣಿ ಇಲ್ಲೇ ಇರುತ್ತದೆ ಅನ್ನುವ ನಂಬಿಕೆ. ಒಂದು ಕಚೇರಿ, ಒಂದು ಬ್ಯಾಂಕು, ಒಂದು ಶಾಲೆ ಹಳೆ ಪೇಟೆಯಿಂದ ಹೊರಗೆ ಹೋಗುವ ಮುಂಚೆ ಜಗಳ ಮಾಡಿ ತಡೆಯಿರಿ. ಹೋದ ಮೇಲೆ ವಾಪಸ್ ತರುವುದು ಬಹಳ ಕಷ್ಟ.

ಅಂಗಡಿ ಕಟ್ಟೆ

ನಿಮ್ಮ ಮಾತು ಓದಿ ಮನಸ್ಸಿಗೆ ತಟ್ಟಿತು ತಮ್ಮಾ.

ನಮ್ಮ ಸಾಲಿನವರ ಜೊತೆ ಮಾತಾಡಿದೆ. ಮೂರು ವಿಷಯಕ್ಕೆ ಎಲ್ಲರೂ ತಲೆಯಾಡಿಸಿದರು. ಸರಕಿನ ಲಾರಿ ಬೆಳಗ್ಗೆ ಅಂಗಡಿ ತೆಗೆಯುವ ಮುಂಚೆ ಬಂದು ಹೋಗಲಿ. ಅಂಗಡಿಯ ಬೋರ್ಡು ಕಮಾನು, ಕಿಟಕಿ ಮುಚ್ಚದಂತೆ ಬಾಗಿಲ ಮೇಲಿನ ಪಟ್ಟಿಯಲ್ಲೇ ಇರಲಿ. ಕಟ್ಟೆಯಿಂದ ಆಚೆ ರಸ್ತೆಗೆ ಸಾಮಾನು ಇಡುವುದು ಬೇಡ. ಮೂರನೆಯದಕ್ಕೆ ಸ್ವಲ್ಪ ಗಲಾಟೆ ಆಯಿತು, ಆದರೂ ಒಪ್ಪಿದರು. ಗಾಡಿ ನಿಲ್ಲಿಸುವ ಜಾಗ ಪೇಟೆಯ ಅಂಚಿನಲ್ಲಿ ಕೊಡಿ. ಅಲ್ಲಿಂದ ಟಾಂಗಾ ಓಡಲಿ. ವಿಜಯಪುರದಲ್ಲಿ ಇನ್ನೂ ಟಾಂಗಾ ಉಳಿದಿವೆ, ಗೋಳಗುಮ್ಮಟದ ಮುಂದೆ ಗಿರಾಕಿಗೆ ಕಾಯುತ್ತಾ ನಿಂತಿರುತ್ತವೆ. ಅವರಿಗೂ ನಾಲ್ಕು ಕಾಸು ಸಿಗಲಿ. ಕುದುರೆಗೆ ನೆರಳು, ನೀರಿನ ತೊಟ್ಟಿ ಮಾತ್ರ ಕಡ್ಡಾಯ ಇರಬೇಕು.

ಎಲ್ಲ ಅಂಗಡಿಗೂ ಒಂದೇ ಬಣ್ಣ ಹಚ್ಚಿಸುತ್ತೇವೆ ಅಂತ ಯಾರೋ ಒಮ್ಮೆ ಹೇಳಿಕೊಂಡು ಬಂದಿದ್ದರು. ಅದು ನಮಗೆ ಬೇಡ.

ಪಡಸಾಲೆ

ನನಗೂ ಬೇಡ ಕಾಕಾ. ಒಂದು ಅಂಗಡಿ ಕಟ್ಟಿಗೆ ಬಾಗಿಲಿನದು, ಒಂದು ಕಲ್ಲಿನ ಕಮಾನಿನದು, ಪಕ್ಕದ್ದು ಬ್ರಿಟಿಷ್ ಕಾಲದ ಹಂಚಿನ ಮಾಡಿನದು. ಎಲ್ಲವನ್ನೂ ಗುಲಾಬಿ ಮಾಡಿದರೆ ನೂರಾರು ವರ್ಷದ ಊರು ಒಂದೇ ದಿನ ಕಟ್ಟಿದಂತೆ ಕಾಣುತ್ತದೆ. ಅರಕಿಲ್ಲದೊಳಗೆ 1320ರ ಕರೀಮುದ್ದೀನ್ ಮಸೀದಿ ಇದೆ. ಹಳೆ ದೇವಾಲಯಗಳ ಕಂಬಗಳು ಅದರಲ್ಲಿವೆ. ಅದನ್ನು ನೋಡಿದವರಿಗೆ ಈ ಊರು ಎಷ್ಟು ಪದರಗಳದ್ದು ಅಂತ ಗೊತ್ತಾಗುತ್ತದೆ. ಆ ಪದರಗಳು ಕಣ್ಣಿಗೆ ಕಾಣುತ್ತಿರಬೇಕು.

2014ರಲ್ಲಿ ದಖ್ಖನ್ ಸುಲ್ತಾನರ ಸ್ಮಾರಕಗಳ ಜೊತೆ ನಮ್ಮ ಊರೂ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿತು. ಮುಂದಿನ ಹೆಜ್ಜೆಗೆ ಕಾಯುತ್ತಾ ಕೂರುವುದು ಬೇಡ. ಜುಮ್ಮಾ ಮಸೀದಿಯಿಂದ ಮೆಹತರ್ ಮಹಲ್ ದಾಟಿ ಅರಕಿಲ್ಲದವರೆಗಿನ ಸಾಲಿನಲ್ಲಿ ಯಾವ ಮನೆ 1992ಕ್ಕಿಂತ ಹಳೆಯದು, ಯಾವುದರ ಛಾವಣಿ ಸೋರುತ್ತದೆ, ಯಾವುದಕ್ಕೆ ಬೀಗ ಬಿದ್ದಿದೆ ಅಂತ ನಾವೇ ಒಂದು ಪಟ್ಟಿ ಮಾಡೋಣ. ಮಾಲೀಕರು ಒಪ್ಪಿದರೆ ಮಾತ್ರ ಫೋಟೋ.

ಓಣಿ ಮಗಳು

ಪಟ್ಟಿಗೆ ನಮ್ಮ ಮನೆಯನ್ನೇ ಮೊದಲು ಹಾಕಿ. ಹಿಂದಿನ ಅಂಕಣದ ಮಾಳಿಗೆ ಸೋರುತ್ತಿದೆ, ಒಂದು ಜಂತಿ ಬಾಗಿದೆ. ಮಳೆಗಾಲ ಹತ್ತಿರ ಬಂತು. ಮೇಲೆ ಸಿಮೆಂಟ್ ಹಾಕಿಸಿಬಿಡಿ ಅಂತ ಎಲ್ಲರೂ ಹೇಳುತ್ತಿದ್ದಾರೆ. ಗೌಂಡಿ ಅಣ್ಣ, ಏನು ಮಾಡಲಿ? ವಕೀಲರೇ, ನಾನು ಯಾವ ಕಾಗದ ಹುಡುಕಬೇಕು?

ಗೌಂಡಿ ಮನೆಯವನು

ಸಿಮೆಂಟ್ ಬೇಡವೇ ಬೇಡ ಅಕ್ಕ. ಭಾರ ಜಾಸ್ತಿ ಆಗುತ್ತದೆ, ಸಣ್ಣ ಬಿರುಕಿನಿಂದ ಇಳಿದ ನೀರು ಒಳಗೇ ನಿಂತು ಉಳಿದ ಜಂತಿಗಳನ್ನೂ ಕೊಳೆಸುತ್ತದೆ. ಮೊದಲು ಬಾಗಿದ ಜಂತಿಯ ಕೆಳಗೆ ಒಂದು ಗಟ್ಟಿ ಕಟ್ಟಿಗೆಯ ಊರೆ ಕೊಡಿ, ಇವತ್ತೇ. ಆ ಅಂಕಣದಲ್ಲಿ ಯಾರೂ ಮಲಗಬೇಡಿ. ಮಾಳಿಗೆಯ ಮೇಲಿನ ಹುಲ್ಲನ್ನು ಬೇರು ಸಮೇತ ತೆಗೆಯಿರಿ. ನೀರು ಬೀಳುವ ದೋಣಿಯಲ್ಲಿ ಮಣ್ಣು ಕಟ್ಟಿದೆಯಾ ನೋಡಿ, ಮುಕ್ಕಾಲು ಸೋರಿಕೆ ಅಲ್ಲಿಂದಲೇ ಶುರುವಾಗುತ್ತದೆ. ಮಳೆ ಶುರುವಾಗುವ ಮುಂಚೆ ಚೌಳು ಮಣ್ಣು ತರಿಸಿ, ದೋಣಿಯ ಕಡೆ ಇಳಿಜಾರು ಬರುವಂತೆ ತೆಳ್ಳಗೆ ಹರಡಿ, ನೀರು ಚಿಮುಕಿಸಿ ಬಡಿಯಬೇಕು. ಹಳೆ ಮಣ್ಣಿನ ಮೇಲೆ ಮೇಲೇ ಹಾಕುತ್ತಾ ಹೋದರೂ ಭಾರವೇ, ಅದಕ್ಕೆ ಸಡಿಲಾದದ್ದನ್ನು ಕೆರೆದು ತೆಗೆದು ಹಾಕಿ. ಜಂತಿ ಬದಲಿಸುವ ಕೆಲಸ ಮಳೆ ಮುಗಿದ ಮೇಲೆ, ಅನುಮತಿ ಬಂದ ಮೇಲೆ ಮಾಡೋಣ. ನಾನು ಬಂದು ನೋಡುತ್ತೇನೆ. ನೋಡುವುದಕ್ಕೆ ದುಡ್ಡು ಬೇಡ.

ಕಡತ

ಅಕ್ಕ, ಮನೆ 1992ರ ಜೂನ್‌ಗಿಂತ ಹಳೆಯದು ಅಂತ ತೋರಿಸುವ ಕಾಗದ ಬೇಕು. ಹಳೆ ಕರ ಕಟ್ಟಿದ ರಸೀದಿ, ಸಿಟಿ ಸರ್ವೆ ಉತಾರ, ಹಳೆ ವಿದ್ಯುತ್ ಬಿಲ್ಲು, ಖರೀದಿ ಪತ್ರ, ವಾಟ್ನಿ (ಆಸ್ತಿ ಪಾಲಿನ) ಪತ್ರ, ಸಿಕ್ಕಿದ್ದೆಲ್ಲ ತೆಗೆದಿಡಿ. ಬೇರೆ ಹಕ್ಕುದಾರರು ಇದ್ದರೆ ಅವರ ಒಪ್ಪಿಗೆಯ ಸಹಿ ಈಗಲೇ ತರಿಸಿ, ತಡವಾಗುವುದು ಅಲ್ಲೇ. ಈಗ ಇರುವ ಮನೆಯ ಅಳತೆಯ ನಕ್ಷೆ, ನಾಲ್ಕೂ ಕಡೆಯ ಫೋಟೋ, ಬಾಗಿದ ಜಂತಿಯ ಫೋಟೋ ಬೇಕು. ಅರ್ಜಿಯಲ್ಲಿ ರಿಪೇರಿ ಅಂತಲೇ ಬರೆಯಬೇಕು. ಎತ್ತರ ಹೆಚ್ಚಿಸುವುದಿಲ್ಲ, ಗೋಡೆ ಕೆಡವುವುದಿಲ್ಲ ಅಂತ ಸ್ಪಷ್ಟವಾಗಿ ಹಾಕೋಣ. ಬಚ್ಚಲಿನ ಕೆಲಸವನ್ನೂ ಇದರಲ್ಲೇ ಕೇಳೋಣ, ಮನೆಯ ಒಳಗೆ ಈಗಿರುವ ಗೋಡೆಗಳ ನಡುವೆಯೇ ಬರುವ ಹಾಗೆ ನಕ್ಷೆ ಮಾಡಿಸಿ. ಅರ್ಜಿ ಕೊಟ್ಟ ದಿನ ಸ್ವೀಕೃತಿ ಪಡೆಯದೆ ಕಚೇರಿಯಿಂದ ಹೊರಗೆ ಬರಬೇಡಿ. ಬಾಯಿಮಾತಿನಲ್ಲಿ ಆಗಲ್ಲ ಅಂದರೆ ಅದನ್ನೇ ಬರೆದುಕೊಡಿ ಅಂತ ಕೇಳಿ.

ಅಂಗಡಿ ಕಾಕಾ, ನಿಮ್ಮ ಛಾವಣಿಯ ಕಾಗದಗಳನ್ನೂ ಜೊತೆಗೇ ತನ್ನಿ. ಎರಡೂ ಅರ್ಜಿ ಒಟ್ಟಿಗೆ ಬರೆಯುತ್ತೇನೆ.